ಅತ್ತಿಗೆ ಹೊಗಳಿದಾಗ

ಟೈಲರ್ ಅತ್ತಿಗೆ ಇಡೀ ಬೀದಿಗೇ ಅತ್ತಿಗೆ. ಅಂಗಡಿಯಲ್ಲಿ ಎರಡೇ ಹೊಲಿಗೆ ಯಂತ್ರ. ಒಂದು ಆಕೆಯದು, ಇನ್ನೊಂದು ಆಕೆಯ ಗಂಡನ ತಂಗಿಯದು. ನಾದಿನಿ ಹಾಕಿದ ಕಾಜಾವನ್ನು ಅತ್ತಿಗೆ ಬಿಚ್ಚಿಸುವಳು. ಬಿಚ್ಚಿದರೆ ಬಟ್ಟೆ ಹಾಳು ಮಾಡಿದೆ ಎಂದು ಬೈಯುವಳು. ಗಿರಾಕಿಗಳನ್ನೂ ಬಿಟ್ಟವಳಲ್ಲ. ದಪ್ಪಗಾದವರಿಗೆ ಅದನ್ನು ಮುಖಕ್ಕೆ ಹೊಡೆದಂತೆ ಹೇಳಿಯೇ ಟೇಪು ಹಿಡಿಯುತ್ತಿದ್ದಳು. ಆದರೂ ಅವಳ ಹೊಲಿಗೆಗೆ ಜನ ಮುಗಿಬೀಳುತ್ತಿದ್ದರು.

ಇಂಥವಳು ಕರುಳಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಜ್ವರ ಹತ್ತಿಕೊಂಡಿತು. ರಕ್ತದಲ್ಲಿ ಸಿಕ್ಕಿದ್ದು ಯೀಸ್ಟ್, ಒಂದು ಬಗೆಯ ಶಿಲೀಂಧ್ರ. ಕುತ್ತಿಗೆಯ ನರಕ್ಕೆ ಹಾಕಿದ್ದ ಕೊಳವೆಯಿಂದ ಒಳಗೆ ನುಸುಳಿರಬೇಕೆಂದು ಡಾಕ್ಟರಮ್ಮ ಅದನ್ನು ತೆಗೆಸಿ, ಮಾಮೂಲಿ ಔಷಧಿ ಶುರುಮಾಡಿದರು. ಜ್ವರ ಜಗ್ಗಲಿಲ್ಲ. ಅತ್ತಿಗೆ ಮೆತ್ತಗಾದಳು. ನಾದಿನಿ ನೀರು ಕುಡಿಸಿದರೆ, ಎಷ್ಟು ಒಳ್ಳೆಯವಳಮ್ಮಾ ನೀನು ಎಂದುಬಿಟ್ಟಳು.

ನಾದಿನಿ ಲೋಟವನ್ನು ಅಲ್ಲೇ ಕುಕ್ಕಿದಳು. ಡಾಕ್ಟರಮ್ಮನ ಕೋಣೆಗೆ ಓಡಿದಳು.

"ಅತ್ತಿಗೆ ನನ್ನನ್ನ ಹೊಗಳ್ತಿದ್ದಾರೆ ಡಾಕ್ಟ್ರೇ. ಬೇಗ ಏನಾದ್ರೂ ಮಾಡಿ."

ಡಾಕ್ಟರಮ್ಮ ನಗು ನುಂಗಿಕೊಂಡು ಕೂರಿಸಿದರು. ಲ್ಯಾಬಿನಿಂದ ಆಗಷ್ಟೇ ಸುದ್ದಿ ಬಂದಿತ್ತು: ಈ ಯೀಸ್ಟ್ ಮಾಮೂಲಿ ಔಷಧಿಗೆ ಮಣಿಯುವುದಲ್ಲ, ಅದರ ನಡುವೆಯೇ ಹಾಯಾಗಿ ಬೆಳೆಯುತ್ತದೆ. ಆದರೆ ಇನ್ನೊಂದು ಔಷಧಿಗೆ ಸಾಯುತ್ತದೆ. ಅದನ್ನು ಈಗಲೇ ಡ್ರಿಪ್‌ನಲ್ಲಿ ಕೊಡುತ್ತೇವೆ ಎಂದರು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ನಾದಿನಿ ಹೊದಿಕೆ ಸರಿಪಡಿಸುತ್ತಿದ್ದಾಗ ಅತ್ತಿಗೆ ಕಣ್ಣುಬಿಟ್ಟಳು. ಹಣೆ ತಣ್ಣಗಿತ್ತು.

"ಅದೆಂಥದೇ ನಿನ್ನ ಅಂಗಿ? ಒಂದು ತೋಳು ಉದ್ದ, ಒಂದು ಗಿಡ್ಡ. ನಾಲ್ಕು ಜನರ ಮಧ್ಯೆ ನನ್ನ ಮಾನ ಕಳೀತೀಯಲ್ಲ."

ನಾದಿನಿಗೆ ನಗು ಉಕ್ಕಿತು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲದೆ ಕಣ್ಣಲ್ಲಿ ನೀರಾಗಿ ಹರಿಯಿತು. ಪಕ್ಕದ ಹಾಸಿಗೆಯ ಅಜ್ಜಿ ಏಕೆಂದು ತಿಳಿಯದೆಯೇ ನಕ್ಕಳು. ಗದರಲು ಬಂದ ನರ್ಸ್ ಬಾಗಿಲಿಗೆ ಒರಗಿ ನಕ್ಕಳು. ಇವರಿಗೆಲ್ಲ ತಲೆ ಕೆಟ್ಟಿದೆಯೇ ಎಂದು ಅತ್ತಿಗೆ ಪಿಳಿಪಿಳಿ ನೋಡಿದಳು.

ರಕ್ತ ಶುದ್ಧವಾಯಿತೆಂದು ಲ್ಯಾಬ್ ಹೇಳಿದ ಮೇಲೂ ಔಷಧಿ ಎರಡು ವಾರ ನಡೆಯಿತು. ಇಂಥ ಸೋಂಕು ಕಣ್ಣಿಗೂ ಇಳಿಯಬಹುದೆಂದು ಕಣ್ಣಿನ ಡಾಕ್ಟರು ಹನಿ ಹಾಕಿ ಪರೀಕ್ಷಿಸಿದರು, ಏನೂ ಇರಲಿಲ್ಲ. ಹನಿಯಿಂದಾಗಿ ಲೋಕವೆಲ್ಲ ಮಸುಕುಮಸುಕು. ನಾದಿನಿಯ ತೋಳು ಹಿಡಿದು ಓಲಾಡುತ್ತ ಬಂದ ಅತ್ತಿಗೆ, ಗೋಡೆಗೆ ಒರಗಿಸಿದ್ದ ಆಕ್ಸಿಜನ್ ಸಿಲಿಂಡರಿಗೆ ಹೇಳಿದಳು:

"ಸ್ವಲ್ಪ ದಾರಿ ಬಿಡಣ್ಣ."

ಅದು ಅಲುಗಾಡದಿದ್ದಾಗ, ಎಂಥ ಮೊಂಡ ಮನುಷ್ಯ ಎಂದು ಗೊಣಗಿದಳು. ನಾದಿನಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು. ವಿಷಯ ತಿಳಿದ ಅತ್ತಿಗೆ, ಆಪರೇಷನ್ ಗಾಯ ನೋಯುತ್ತದೆ ನಗಿಸಬೇಡ ಎನ್ನುತ್ತಲೇ ಅವಳ ಪಕ್ಕ ಕೂತು, ಬಿದ್ದು ಬಿದ್ದು ನಕ್ಕಳು.