ಹನ್ನೆರಡನೆಯ ಚೀಲ

ಆ ಕೋಣೆಯೊಳಗೆ ಕಾಲಿಟ್ಟವರ ದನಿ ತಾನಾಗಿಯೇ ತಗ್ಗುತ್ತಿತ್ತು. ವಾಯುಪಡೆಯ ನೆಲೆಯ ಒಂದು ಮೂಲೆಯಲ್ಲಿ, ಇಂಧನದ ಟ್ಯಾಂಕುಗಳ ಆಚೆ, ಉದ್ದಕ್ಕೆ ಚಾಚಿಕೊಂಡ ಕಟ್ಟಡ. ನಡುವೆ ನಲವತ್ತು ಅಡಿ ಉದ್ದದ ನುಣುಪಾದ ಮೇಜು. ಒಂದು ತುದಿಗೆ ಮೂರು ಮಹಡಿ ಎತ್ತರದ ಗೋಪುರ. ಅದರ ನೆತ್ತಿಯಿಂದ ಬಿಳಿಯ ಪ್ಯಾರಾಚೂಟುಗಳನ್ನು ಗಾಳಿಯಾಡಲೆಂದು ತೂಗುಬಿಟ್ಟಿರುತ್ತಿದ್ದರು. ಮೇಲಿನ ಕಿಟಕಿಯಿಂದ ಬಿಸಿಲು ಬಿದ್ದರೆ ಆ ಬಟ್ಟೆಗಳ ಹೊಟ್ಟೆಯೊಳಗೆ ಬೆಳಕು ತುಂಬಿಕೊಳ್ಳುತ್ತಿತ್ತು. ಕೆಳಗೆ ನಿಂತು ಕತ್ತೆತ್ತಿ ನೋಡಿದವರಿಗೆ ತಾವು ಯಾವ ಕೆಲಸಕ್ಕೆ ಬಂದೆವೆಂಬುದೇ ಮರೆತುಹೋಗುತ್ತಿತ್ತು.

ಆ ಕೋಣೆಯ ಒಡತಿಯನ್ನು ಎಲ್ಲರೂ ಕೊಡೆಯಕ್ಕ ಎನ್ನುತ್ತಿದ್ದರು. ಮೂವತ್ತೊಂದು ವರ್ಷದಿಂದ ಯುದ್ಧವಿಮಾನದ ಪೈಲಟ್ಟುಗಳಿಗೆ ಪ್ಯಾರಾಚೂಟು ಮಡಚುತ್ತ ಬಂದವಳು. ವಿಮಾನ ಕೈಕೊಟ್ಟರೆ ಪೈಲಟ್ಟು ಕೂತ ಕುರ್ಚಿಯೇ ಅವನ ಸಮೇತ ಹೊರಕ್ಕೆ ಚಿಮ್ಮುತ್ತದೆ. ಆಮೇಲೆ ಅವನನ್ನು ನೆಲ ಮುಟ್ಟಿಸುವುದು ಇವಳು ಮಡಚಿಟ್ಟ ಬಟ್ಟೆ. ಇಷ್ಟೆಲ್ಲ ಆಗಿಯೂ ಅವಳು ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಏಣಿಯ ನಾಲ್ಕನೇ ಮೆಟ್ಟಿಲಿಗೇ ತಲೆ ಗಿರ್ರೆನ್ನುತ್ತಿತ್ತು. ಹಾರಾಟವೆಲ್ಲ ಕನಸಿನಲ್ಲಿ. ವಾರಕ್ಕೊಮ್ಮೆಯಾದರೂ ಬೆಳಗಿನ ಜಾವದ ನಿದ್ದೆಯಲ್ಲಿ ಅವಳು ಮೆಲ್ಲಗೆ ಕೆಳಗಿಳಿಯುತ್ತಿದ್ದಳು. ಕೆಳಗೆ ಬೀದಿಗಳು, ತಾರಸಿಗಳಲ್ಲಿ ಒಣಹಾಕಿದ ಬಟ್ಟೆಗಳು, ಸೈಕಲ್ಲು ನಿಲ್ಲಿಸಿ ಮೇಲೆ ನೋಡುವ ಅಂಚೆಯವನು.

"ಇಳೀತಾನೇ ಇರ್ತೀನಿ ಕಣೇ, ನೆಲ ಮಾತ್ರ ಬರೋದೇ ಇಲ್ಲ," ಎಂದು ತಂಗಿಗೆ ಹೇಳಿದರೆ ತಂಗಿ, "ರಾತ್ರಿ ಊಟ ಸ್ವಲ್ಪ ಕಮ್ಮಿ ಮಾಡು," ಎಂದು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಮಡಚುವ ಕೆಲಸಕ್ಕೆ ಹನ್ನೆರಡು ತೂಕದ ಚೀಲಗಳು ಬೇಕು. ಅಂಗೈಯಗಲದ, ಸೀಸದ ಗುಂಡು ತುಂಬಿ ಹೊಲಿದ ಖಾಕಿ ಚೀಲಗಳು. ಆ ಬಟ್ಟೆ ಬಲು ತುಂಟ, ಮಡಿಸಿ ಕೈ ತೆಗೆದರೆ ಜಾರಿ ಹಳೆಯ ರೂಪಕ್ಕೇ ಹೋಗುತ್ತದೆ. ಅದಕ್ಕೆ ಒಂದೊಂದು ಮಡಿಕೆಯ ಮೇಲೂ ಒಂದೊಂದು ಚೀಲ ಹೇರಿ, ಕೆಲಸ ಮುಂದುವರಿದಂತೆ ಒಂದೊಂದಾಗಿ ತೆಗೆಯಬೇಕು. ಒಂದೇ ಒಂದು ಚೀಲ ಒಳಗುಳಿದರೂ ಆಕಾಶದಲ್ಲಿ ಬಟ್ಟೆ ಬಿಚ್ಚುವುದಿಲ್ಲ. ಆದ್ದರಿಂದ ಪ್ರತಿ ಸಂಜೆ ಹನ್ನೆರಡನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಎಣಿಸಿ, ದಫ್ತರದಲ್ಲಿ ಬರೆದು ಸಹಿ ಹಾಕಬೇಕು. ಮಡಚಿದ ಪ್ರತಿ ಪ್ಯಾರಾಚೂಟಿನ ಜೇಬಿನಲ್ಲೂ ಅದರ ನಂಬರು, ಅವಳ ಸಹಿ ಇರುವ ಚೀಟಿ ಇರುತ್ತಿತ್ತು. ಜೀವ ಉಳಿಸಿಕೊಂಡು ಇಳಿದವನು ಆ ಚೀಟಿಯನ್ನು ತಾನೇ ಬಂದು, ಮಡಚಿದವರ ಕೈಗೆ ಕೊಡಬೇಕೆಂಬುದು ನೆಲೆಯ ಪದ್ಧತಿ. ಮೂವತ್ತೊಂದು ವರ್ಷದಲ್ಲಿ ಹಾಗೆ ಬಂದವರು ಮೂವರು. ಮೊದಲನೆಯವನು ಗೋಡೆ ಗಡಿಯಾರ ತಂದುಕೊಟ್ಟ. ಎರಡನೆಯವನು ಬಾಗಿಲಲ್ಲೇ ನಿಂತು ಬಿಕ್ಕಿಬಿಕ್ಕಿ ಅತ್ತ. ಮೂರನೆಯವನು ಮಾತ್ರ, "ಸ್ವಲ್ಪ ಬಿಗಿಯಾಯ್ತು ಅಕ್ಕಾ, ಭುಜ ಇನ್ನೂ ನೋಯ್ತಿದೆ," ಎಂದು ದೂರು ಹೇಳಿದ.

ವಿಮಾನಗಳೋ, ಅವನ್ನು ಓಡಿಸುವ ಹುಡುಗರಿಗಿಂತ ವಯಸ್ಸಿನಲ್ಲಿ ದೊಡ್ಡವು. ಹೊಸದು ಕೊಳ್ಳುವ ಮಾತು ಕೊಡೆಯಕ್ಕನ ತಲೆಯಲ್ಲಿ ಒಂದೂ ಬಿಳಿಕೂದಲು ಇಲ್ಲದಾಗಲೇ ಶುರುವಾಗಿತ್ತು. ಒಂದು ಸರ್ಕಾರ ಆರಿಸಿತು. ಮುಂದಿನ ಸರ್ಕಾರ ಅದರಲ್ಲಿ ಲಂಚದ ವಾಸನೆ ಹಿಡಿದು ರದ್ದು ಮಾಡಿತು. ಅದರ ಮುಂದಿನದು ಸಮಿತಿ ಮಾಡಿತು. ಸಮಿತಿಯವರು ದೇಶದೇಶ ಸುತ್ತಿ ಬಂದರು. ವಿಮಾನ ಬರಲಿಲ್ಲ, ಸಮಿತಿಯವರು ಮಾತ್ರ ಸಾಕಷ್ಟು ಹಾರಿದರು. ಅಷ್ಟರಲ್ಲಿ ಬೆಲೆ ಎರಡು ಪಟ್ಟಾಯಿತು.

ಮನೆಯಲ್ಲೂ ಇದೇ ಜಗಳ. ತಂಗಿ ಶಾಲೆಯ ಟೀಚರು. ಗಂಡ ತೀರಿಕೊಂಡ ಮೇಲೆ ಮೂರು ವರ್ಷದ ಮಗನನ್ನು ಕಂಕುಳಲ್ಲಿಟ್ಟುಕೊಂಡು ಅಕ್ಕನ ಮನೆಗೆ ಬಂದವಳು. ಅವಳ ಶಾಲೆಯ ಎರಡು ಕೋಣೆಗೆ ಸೂರು ಸೋರುತ್ತಿತ್ತು. "ಒಂದು ವಿಮಾನದ ದುಡ್ಡಲ್ಲಿ ಎಷ್ಟು ಶಾಲೆಗೆ ಸೂರು ಹಾಕಿಸಬಹುದು ಗೊತ್ತಾ?" ಎಂದು ಬೆಳಗಿನ ಪೇಪರು ಹಿಡಿದೇ ಶುರುಮಾಡುವಳು. ಕೊಡೆಯಕ್ಕನಿಗೆ ಅದು ಸರಿ ಎನಿಸುತ್ತಿತ್ತು. ಅಷ್ಟರಲ್ಲಿ ಸ್ನಾನ ಮುಗಿಸಿ ತಲೆ ಒರೆಸುತ್ತ ಆ ಮಗ ಹೊರಬರುವನು. ಈಗ ಅವನಿಗೆ ಇಪ್ಪತ್ತೇಳು. ಅದೇ ನೆಲೆಯಲ್ಲಿ, ಅದೇ ಹಳೆಯ ವಿಮಾನದ ಪೈಲಟ್ಟು. ಅವನನ್ನು ಕಂಡೊಡನೆ ತಂಗಿಯ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

"ದೊಡ್ಡಮ್ಮ, ನನ್ನ ಕೊಡೆ ಚೆನ್ನಾಗಿ ಮಡಚಿದೀಯಾ ತಾನೆ?" ಎಂದು ಅವನು ದಿನಾ ಕೇಳುತ್ತಿದ್ದ.

"ಯಾರದ್ದು ಅಂತ ನಂಗೇನು ಗೊತ್ತು? ನಂಬರ್ ಅಷ್ಟೇ ನೋಡೋದು," ಎನ್ನುತ್ತಿದ್ದಳು ಅವಳು. ಅದು ಹಸಿ ಸುಳ್ಳು. ಹದಿನೇಳನೇ ನಂಬರು ಅವನದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹದಿನೇಳು ಮೇಜಿಗೆ ಬಂದ ದಿನ ಅವಳು ಉಸಿರು ಕೂಡ ಅಳೆದು ಬಿಡುತ್ತಿದ್ದಳು.

ಆ ವರ್ಷ ಮಂತ್ರಿಗಳು ನೆಲೆಗೆ ಬರುವವರಿದ್ದರು, ಹಿಂದೆ ಒಂದು ದಂಡು ಸಂಸದರು, ಪತ್ರಕರ್ತರು. ಹಳೆಯ ವಿಮಾನಗಳು ಇನ್ನೂ ಹತ್ತು ವರ್ಷ ಗಟ್ಟಿಮುಟ್ಟಾಗಿರುತ್ತವೆ, ಹೊಸದಕ್ಕೆ ಅವಸರವಿಲ್ಲ ಎಂದು ತೋರಿಸಬೇಕಿತ್ತು. ಮಧ್ಯಾಹ್ನ ಮೂರಕ್ಕೆ ನಾಲ್ಕು ವಿಮಾನಗಳು ಅವರ ತಲೆಯ ಮೇಲೆ ಹಾರಬೇಕು. ಆ ನಾಲ್ಕಕ್ಕೆ ಮಡಚಬೇಕಾದ ಪ್ಯಾರಾಚೂಟುಗಳಲ್ಲಿ ಹದಿನೇಳೂ ಒಂದು.

ಹಿಂದಿನ ಸಂಜೆ ಎಣಿಸುವಾಗ ಒಂದು ಚೀಲದ ಹೊಲಿಗೆ ಬಿಟ್ಟಿದ್ದು ಕೊಡೆಯಕ್ಕನ ಕಣ್ಣಿಗೆ ಬಿತ್ತು. ಹನ್ನೆರಡು ಎಂದು ಬರೆದು ಸಹಿ ಹಾಕಿ, ಮನೆಯಲ್ಲಿ ಎರಡು ಹೊಲಿಗೆ ಹಾಕಿದರಾಯಿತೆಂದು ಅದನ್ನು ತನ್ನ ಕೈಚೀಲಕ್ಕೆ ಸೇರಿಸಿದಳು. ಕೋಣೆಯ ಸಾಮಾನು ಹೊಸ್ತಿಲು ದಾಟಬಾರದೆಂಬ ನಿಯಮ ಮಾಡಿದ್ದವಳೇ ಅವಳು. ಮನೆಗೆ ಹೋದಮೇಲೆ ಆ ಚೀಲದ ನೆನಪು ಪೂರ್ತಿ ಅಳಿಸಿಹೋಯಿತು. ಮರುದಿನ ಬೆಳಿಗ್ಗೆ ನಾಲ್ಕು ಪ್ಯಾರಾಚೂಟು ಮಡಚಿದಳು. ಗೋಪುರದಿಂದ ಬೆಳಕು ಹಾಲಿನಂತೆ ಇಳಿಯುತ್ತಿತ್ತು, ಒಂದು ಮಡಿಕೆಯಿಂದ ತೆಗೆದ ಚೀಲವನ್ನೇ ಇನ್ನೊಂದಕ್ಕೆ ಹೇರುತ್ತ ಕೈಗಳು ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಹನ್ನೊಂದು ಗಂಟೆಗೆ ಅವನ್ನು ಒಯ್ದು ವಿಮಾನಗಳಿಗೆ ಕೂಡಿಸಿದರು. ಊಟ ಮುಗಿಸಿ ಬಂದವಳು ಮೇಜು ಒರೆಸುತ್ತ ಸುಮ್ಮನೆ ಚೀಲಗಳನ್ನು ಎಣಿಸಿದಳು. ಹನ್ನೊಂದು.

ಮತ್ತೆ ಎಣಿಸಿದಳು. ಮೇಜಿನ ಕೆಳಗೆ ತೆವಳಿ ನೋಡಿದಳು. ಬಟ್ಟೆ ಬಿಚ್ಚದೆ ಬೀಳುವ ಒಂದು ಮುಖ ಕಣ್ಣಿಗೆ ಕಟ್ಟಿತು, ಅದು ತಲೆ ಒರೆಸುತ್ತ ಹೊರಬರುವ ಮುಖ.

ನೆಲೆಯ ದೊಡ್ಡ ಸಾಹೇಬರು ಇಸ್ತ್ರಿಯ ಸಮವಸ್ತ್ರದಲ್ಲಿ ಮಂತ್ರಿಗಳಿಗೆ ಕುರ್ಚಿ ಹಾಕಿಸುತ್ತಿದ್ದರು. ಅವಳು ಏದುಸಿರು ಬಿಡುತ್ತ ಎದುರು ನಿಂತಳು.

"ಸಾರ್, ನಾಲ್ಕು ವಿಮಾನದಿಂದ್ಲೂ ಪ್ಯಾರಾಚೂಟು ಇಳಿಸ್ಬೇಕು. ಒಂದು ಚೀಲ ಲೆಕ್ಕಕ್ಕೆ ಸಿಗ್ತಿಲ್ಲ."

ಸಾಹೇಬರ ಮುಖ ಬಿಳುಚಿಕೊಂಡಿತು. "ಅಕ್ಕಾ, ಇವತ್ತೇ ಆಗ್ಬೇಕಾ ಇದು?"

"ಇವತ್ತೇ ಅಲ್ವಾ ಸಾರ್ ಅವರು ಹಾರೋದು?"

ಸಾಹೇಬರು ಖಾಲಿ ಕುರ್ಚಿಗಳ ಸಾಲನ್ನೊಮ್ಮೆ ನೋಡಿದರು. ಆಮೇಲೆ ಇಳಿಸಲು ಹೇಳಿದರು. ಆ ಒಂದು ಮಾತಿಗಾಗಿ ಕೊಡೆಯಕ್ಕ ಅವರನ್ನು ಕೊನೆತನಕ ಮನಸ್ಸಿನಲ್ಲೇ ಹರಸುತ್ತಿದ್ದಳು. ನಾಲ್ಕನ್ನೂ ಬಿಚ್ಚಿ ಮೇಜಿನುದ್ದಕ್ಕೂ ಹರಡಿದರು. ಯಾವುದರಲ್ಲೂ ಏನೂ ಇರಲಿಲ್ಲ. ಅಷ್ಟರಲ್ಲಿ ನಾಲ್ಕು ಗಂಟೆ. ಮಂತ್ರಿಗಳು ಖಾಲಿ ಆಕಾಶ ನೋಡುತ್ತ ಎರಡು ಸಲ ಚಹಾ ಕುಡಿದು, ಮುಖ ಗಂಟಿಕ್ಕಿಕೊಂಡು ಕಾರು ಹತ್ತಿದರು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಕಂಡಿತು. ಊಟದ ಮೇಜಿನ ಮೇಲೆ ಬೆಳಗಿನ ಪೇಪರು, ಅದರ ಮೇಲೆ ಫ್ಯಾನಿನ ಗಾಳಿಗೆ ಹಾರದಂತೆ ಇಟ್ಟ ಖಾಕಿ ಚೀಲ. ಪೇಪರಿನ ತುಂಬ ಹೊಸ ವಿಮಾನ ಬೇಕೋ ಬೇಡವೋ ಎಂಬ ಚರ್ಚೆ.

"ಅದಾ? ನಿನ್ನ ಬ್ಯಾಗಲ್ಲಿತ್ತು, ನಿನ್ನೆ ತೆಗೆದಿಟ್ಟೆ," ಎಂದಳು ತಂಗಿ.

ಕೊಡೆಯಕ್ಕ ಧೊಪ್ಪೆಂದು ಕುರ್ಚಿಗೆ ಕುಸಿದಳು. ನಡೆದದ್ದನ್ನೆಲ್ಲ ಹೇಳಿದಳು. ತಂಗಿ ಎದ್ದು ಹೋಗಿ ಕಿಟಕಿ ಮುಚ್ಚಿದಳು. ಬಂದು ಅಕ್ಕನ ಕೈ ಹಿಡಿದಳು.

"ಯಾರಿಗೂ ಹೇಳ್ಬೇಡ. ನಾಳೆ ಪೇಪರಲ್ಲೆಲ್ಲ ಇದೇ ಬರತ್ತೆ, ಹಳೇ ವಿಮಾನ ಮೇಲೇಳಲೇ ಇಲ್ಲ ಅಂತ. ಹಂಗಾದ್ರೂ ಹೊಸದು ಬರ್ಲಿ."

"ನಿನ್ನ ಶಾಲೆ ಸೂರು?"

"ಸೂರು ಸೋರಿದ್ರೆ ಬಕೆಟ್ ಇಡ್ತೀನಿ ಕಣಕ್ಕ," ಎಂದು ತಂಗಿ ಅತ್ತೇಬಿಟ್ಟಳು. ಇಷ್ಟು ವರ್ಷ ಬಾಯಿಬಿಟ್ಟು ಹೇಳದ ಭಯವೆಲ್ಲ ಆ ಅಳುವಿನಲ್ಲಿತ್ತು. ತಂಗಿ ಹೇಳಿದ್ದು ಕೊಡೆಯಕ್ಕನ ಮನಸ್ಸಿನ ಮಾತೂ ಹೌದು.

ಆದರೂ ಮರುದಿನ ದಫ್ತರದಲ್ಲಿ ಬರೆದಳು: 'ಚೀಲ ಸಿಕ್ಕಿತು. ನನ್ನ ಮನೆಯಲ್ಲಿತ್ತು. ತಪ್ಪು ನನ್ನದು.' ಒಂದು ಸುಳ್ಳು ಸಂಖ್ಯೆ ಆ ಪುಸ್ತಕದೊಳಗೆ ಹೊಕ್ಕರೆ ಉಳಿದ ಯಾವ ಹನ್ನೆರಡನ್ನೂ ತಾನು ನಂಬಲಾರೆನೆಂದು ಅವಳಿಗೆ ಗೊತ್ತಿತ್ತು. ಸಾಹೇಬರು ಅದನ್ನು ಮೇಲಕ್ಕೆ ಕಳಿಸಿದರು. ಮೇಲಿನವರಿಗೆ ಅದು ಬೇಕಿರಲಿಲ್ಲ. ವಿರೋಧಪಕ್ಷದವರು ಖಾಲಿ ಆಕಾಶದ ಚಿತ್ರ ಹಿಡಿದು ಸಂಸತ್ತಿನಲ್ಲಿ ಕೂಗಾಡುತ್ತಿದ್ದರು. ಸರ್ಕಾರಕ್ಕೆ ಚೀಲದ ಕಥೆ ಹೇಳಿ ನಗೆಪಾಟಲಾಗುವುದಕ್ಕಿಂತ ವಿಮಾನ ಕೊಂಡು ಶೂರರಾಗುವುದೇ ಲೇಸೆನಿಸಿತು. ಕೊಡೆಯಕ್ಕನಿಗೆ ಒಂದು ಎಚ್ಚರಿಕೆಯ ಪತ್ರ ಬಂತು. ನಾಲ್ಕು ತಿಂಗಳಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ತಂಗಿ ಆ ದಿನದ ಪೇಪರನ್ನು ಕೊನೆಯ ಸಾಲಿನವರೆಗೆ ಓದಿ, ಮೆಲ್ಲಗೆ ಮಡಿಸಿಟ್ಟಳು. ಮೊದಲ ವಿಮಾನ ಬರುವುದು ಆರು ವರ್ಷಕ್ಕೆ, ಅಲ್ಲಿಯವರೆಗೆ ಹಳೆಯವೇ ಹಾರುತ್ತವೆ ಎಂದಿತ್ತು ಕೊನೆಯ ಸಾಲಿನಲ್ಲಿ.

ಎರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅವಳು ಮಡಿಕೆಗಳ ಮೇಲೆ ಚೀಲ ಹೇರುತ್ತಿರುವಾಗ ದೂರದಲ್ಲಿ ಸೈರನ್ನು ಕೂಗಿತು. ಯಾರೋ ಓಡಿಬಂದು, ಒಂದು ವಿಮಾನ ಕೆರೆಯಾಚೆ ಬಿದ್ದಿದೆ, ಎಂಜಿನ್ನು ನಿಂತಿತಂತೆ ಎಂದರು. ಯಾವ ನಂಬರೆಂದು ಅವಳು ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಗೋಪುರದ ಕೆಳಗೆ ಹೋಗಿ ನಿಂತಳು. ಮೇಲೆ ಬಿಳಿಯ ಬಟ್ಟೆಗಳು ಬೆಳಕು ತುಂಬಿಕೊಂಡು ಮೆಲ್ಲಗೆ ತೂಗುತ್ತಿದ್ದವು. ತಾನೇ ಇಳಿಯುತ್ತಿದ್ದೇನೆ, ಕೆಳಗೆ ತಾರಸಿಗಳು, ಒಣಹಾಕಿದ ಬಟ್ಟೆಗಳು, ಸೈಕಲ್ಲಿನ ಅಂಚೆಯವನು, ಎಷ್ಟು ಇಳಿದರೂ ನೆಲವಿಲ್ಲ ಎನಿಸಿತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಅವಳಿಗೇ ತಿಳಿಯದು.

ಬಾಗಿಲ ಸದ್ದಾಯಿತು. ಮೈಯೆಲ್ಲ ಕೆಸರು, ಹಣೆಗೆ ಬ್ಯಾಂಡೇಜು, ಎಡಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ. ಆಸ್ಪತ್ರೆಯವರು ಬೇಡವೆಂದರೂ ಕೇಳದೆ ಬಂದಿದ್ದ. ಬಲಗೈ ಚಾಚಿ, ಒದ್ದೆಯಾದ ಚೀಟಿಯನ್ನು ಅವಳ ಮುಂದೆ ಹಿಡಿದ. ಹದಿನೇಳು. ಕೆಳಗೆ ಅವಳದೇ ಸಹಿ.

"ದೊಡ್ಡಮ್ಮ," ಎಂದ.

ಅವಳು ಚೀಟಿ ತೆಗೆದುಕೊಂಡಳು. ಅವನನ್ನು ಮುಟ್ಟಲಿಲ್ಲ. ಮೊದಲು ಮೇಜಿನ ಬಳಿಗೆ ಹೋಗಿ ಚೀಲಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೂ ಬೆರಳಿನಿಂದ ಒತ್ತಿ ಎಣಿಸಿದಳು. ಹನ್ನೆರಡೂ ಇದ್ದವು. ಆಮೇಲೆ ಕೆಸರಾಗುವುದನ್ನೂ ನೋಡದೆ ಅವನನ್ನು ತಬ್ಬಿಕೊಂಡಳು, ಅವನ ಕಾಲು ನೆಲದ ಮೇಲಿರುವುದನ್ನು ನೋಡಿ ನೋಡಿ ಅತ್ತಳು.