ಅಂಟಿಸಿದ ಹೊಟ್ಟೆ

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರ ಕೈಕೆಳಗೆ ಕೆಲಸಕ್ಕೆ ಸೇರಿದೆ. ಅವರು ಅಕ್ಕಿಕಾಳಿನಷ್ಟೂ ಇಲ್ಲದ ಪತಂಗಗಳ ಒಂದೇ ಕುಲದ ಬೆನ್ನು ಹತ್ತಿದ್ದರು. ಅವುಗಳ ಹುಳುಗಳು ಎಲೆಯ ಪದರದೊಳಗೇ ಕೊರೆದು ಬೆಳೆಯುತ್ತವೆ. ಹೊಂಗೆಗೆ ಒಂದು ಜಾತಿ, ನೇರಳೆಗೆ ಇನ್ನೊಂದು, ಮಾವಿಗೆ ಮತ್ತೊಂದು. ರೆಕ್ಕೆ ನೋಡಿದರೆ ಎಲ್ಲವೂ ಒಂದೇ. ಹೊಟ್ಟೆಯ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಜಾತಿ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ, ಹೊಂಗೆ ಎಲೆಯಲ್ಲಿ ಸಾಕಿದ ಪತಂಗವನ್ನು ಸೂಜಿಗೆ ಸಿಕ್ಕಿಸುವಾಗ ಅದರ ಹೊಟ್ಟೆ ಮುರಿದು ಎಲ್ಲೋ ಹಾರಿಹೋಯಿತು. ಮೇಷ್ಟ್ರ ಮುಖ ನೆನೆದು ಹೆದರಿದೆ. ಕಿಟಕಿಯಲ್ಲಿ ಸತ್ತುಬಿದ್ದಿದ್ದ ಅಂಥದೇ ಒಂದರ ಹೊಟ್ಟೆಯನ್ನು ಅಂಟಿಸಿಬಿಟ್ಟೆ. ಅದು ಯಾವ ಮರದ್ದೋ ನನಗೆ ಗೊತ್ತಿರಲಿಲ್ಲ.

ಮರುವಾರ ಮೇಷ್ಟ್ರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಇದು ಯಾರೂ ಕಾಣದ ಜಾತಿ ಕಣಯ್ಯ, ನಮ್ಮ ಹೊಂಗೇಲೇ ಇದೆ" ಎಂದರು.

"ಹೌದಾ ಸಾರ್" ಎಂದೆ.

ಒಂದೇ ಪತಂಗ ಸಾಲದೆಂದು ಅವರು ಮೂರು ಮಳೆಗಾಲ, ಆ ಎಲೆ ಕಿತ್ತು ತಂದಿದ್ದ ಹಿನಕಲ್ ದಾರಿಯ ಹೊಂಗೆ ಮರಗಳನ್ನು ಎಲೆ ಎಲೆಯಾಗಿ ತಡಕಿದರು. ಚೀಲ ಹಿಡಿದು ನಾನೂ ತಡಕಿದೆ. ಕೊನೆಗೆ ರಸ್ತೆ ಅಗಲ ಮಾಡಲು ಆ ಮರಗಳನ್ನು ಕಡಿದರು. ಬಿದ್ದ ಕೊಂಬೆಗಳ ನಡುವೆ ನಿಂತು ಮೇಷ್ಟ್ರು, "ಹೋಯ್ತು ಬಿಡಯ್ಯ, ಅದರ ವಂಶಾನೇ ಹೋಯ್ತು" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಗಲೂ ನಾನು ಬಾಯಿಬಿಡಲಿಲ್ಲ. ಈಗ ಅವರಿಲ್ಲ.

ಹೇಳಿದ್ದರೆ ಬೈಯುತ್ತಿದ್ದರು, ಆಮೇಲೆ ಸರಿಯಾದ ಕಡೆ ಹುಡುಕುತ್ತಿದ್ದರು. ಆ ಕಿಟಕಿಯಾಚೆ ಒಂದು ಬಸರಿ ಮರವಿತ್ತು. ಅದರ ಒಂದು ಎಲೆಯನ್ನೂ ನಾವು ತಿರುಗಿಸಿ ನೋಡಲಿಲ್ಲ.