ಜಾಲಿಗೆ ಕಟ್ಟಿದ ಕೆಂಪು ರಿಬ್ಬನ್

ಯಲ್ಲಮ್ಮಜ್ಜಿ ನನ್ನನ್ನು ಮೊದಲ ದಿನವೇ ಕಳ್ಳರ ಲೆಕ್ಕಕ್ಕೆ ಸೇರಿಸಿದಳು. ನಾನೂ ಬಿಡಲಿಲ್ಲ, ಅವಳನ್ನು ಹಕ್ಕಿ ಹಿಡಿಯುವವಳು ಅಂದುಕೊಂಡೆ.

ನಾನು ಮಹಮ್ಮದ್ ಹನೀಫ್. ಕಡೂರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟಿದ್ದೇನೆ. ಮದುವೆ, ನಾಮಕರಣ ಎಲ್ಲ ತೆಗೆದು ತೆಗೆದು ಮನುಷ್ಯರ ನಗುವಿನ ಮೇಲೆ ನನಗೆ ನಂಬಿಕೆ ಹೊರಟುಹೋಗಿದೆ. ಕ್ಯಾಮೆರಾ ಎತ್ತಿದರೆ ನಗುತ್ತಾರೆ, ಇಳಿಸಿದರೆ ಜಗಳ ಮುಂದುವರಿಸುತ್ತಾರೆ. ಆ ಬೇಸರಕ್ಕೇ ಭಾನುವಾರಗಳಲ್ಲಿ ಹಕ್ಕಿಗಳ ಹಿಂದೆ ಬಿದ್ದೆ. ಕಡೂರು, ತರೀಕೆರೆ, ಅಜ್ಜಂಪುರಗಳ ನಡುವೆ ಎಲ್ಲೋ ಒಂದು ಗೋಮಾಳವಿದೆ, ಬರೀ ಜಾಲಿ. ಯಾವ ಊರು ಅಂತ ಮಾತ್ರ ಕೇಳಬೇಡಿ. ಚಳಿಗಾಲ ಕಳೆಯಲು ಅಲ್ಲಿಗೆ ಮಧ್ಯ ಏಷ್ಯಾದ ಕಡೆಯಿಂದ ಒಂದು ಉಲಿಯಕ್ಕಿ ಬರುತ್ತದೆ. ಗುಬ್ಬಿಗಿಂತ ಕೊಂಚ ಉದ್ದ, ಬೂದು ಬೆನ್ನು, ತಲೆಗೆ ಕರೀ ಟೋಪಿ, ಬಿಳಿ ಕಣ್ಣು. ಜಾಲಿಯ ಒಳಗೇ ಕೂತು ‘ಟಕ್’ ಅನ್ನುತ್ತದೆ, ಹೊರಗೆ ಬರುವುದಿಲ್ಲ. ಮೂರು ಚಳಿಗಾಲ ಅಲೆದೆ. ಸಿಕ್ಕಿದ್ದು ಮುಳ್ಳಿನ ಫೋಟೋಗಳು.

ಹಕ್ಕಿ ಕೂಗಿದ ಮರ ಮುಂದಿನ ವಾರ ಗುರುತು ಸಿಗಬೇಕಲ್ಲ? ಸ್ಟುಡಿಯೋದಲ್ಲಿ ಫ್ರೇಮಿಗೆ ಸುತ್ತುವ ಕೆಂಪು ರಿಬ್ಬನ್ ಇತ್ತು. ಐದು ಮರಕ್ಕೆ ಕಟ್ಟಿ ಬಂದೆ. ಮುಂದಿನ ಭಾನುವಾರ ಹೋದರೆ ಒಂದೂ ಇಲ್ಲ. ಮತ್ತೆ ಐದು ಕಟ್ಟಿದೆ, ಮತ್ತೆ ಮಾಯ. ಅಲ್ಲಿ ದಿನಾ ಇರುವವಳು ಮೇಕೆ ಮೇಯಿಸುವ ಯಲ್ಲಮ್ಮಜ್ಜಿ ಒಬ್ಬಳೇ. ನಾನು ಹೋದಾಗಲೆಲ್ಲ ದೂರ ನಿಂತು ನೋಡುತ್ತಾಳೆ, ಹತ್ತಿರ ಹೋದರೆ ಮೇಕೆ ಹೊಡೆದುಕೊಂಡು ಜಾಗ ಖಾಲಿ ಮಾಡುತ್ತಾಳೆ. ಹೆಗಲಲ್ಲಿ ಒಂದು ಚೀಲ ಬೇರೆ. ಅದರಲ್ಲಿ ಬಲೆಯೇ ಇರಬೇಕು, ನನ್ನ ಗುರುತು ನೋಡಿಕೊಂಡೇ ಹಾಕುತ್ತಿದ್ದಾಳೆ ಅನ್ನಿಸಿ ಮೈ ಉರಿಯಿತು.

ಜನವರಿಯ ಮೂರನೇ ಭಾನುವಾರ ಬೈಕ್ ನಿಲ್ಲಿಸುತ್ತಿದ್ದ ಹಾಗೇ ಈರಭದ್ರಪ್ಪನವರು ಅಡ್ಡ ಬಂದರು. ಗೋಮಾಳಕ್ಕೆ ಅಂಟಿಕೊಂಡ ತೆಂಗಿನ ತೋಟ ಅವರದು.

“ಏನ್ರೀ ಸಾಬ್ರೇ, ನನ್ ತೋಟದ್ ಮೇಲ್ ಯಾಕ್ರೀ ಕಣ್ಣು? ಯಾವ್ ಆಫೀಸ್ನೋರು ನೀವು?”

ನೋಡಿದರೆ ಬೇಲಿಯಂಚಿನ ಹತ್ತು ತೆಂಗಿನ ಮರಕ್ಕೂ ಸಾಲಾಗಿ ನನ್ನ ರಿಬ್ಬನ್! ಆಧಾರ್ ಕಾರ್ಡ್ ತೋರಿಸಿದೆ, ಸ್ಟುಡಿಯೋ ಹೆಸರು ಹೇಳಿದೆ. ಅರ್ಧ ನಂಬಿದರು. ಅಷ್ಟರಲ್ಲಿ ಬೇಲಿಯಾಚೆ ಯಲ್ಲಮ್ಮಜ್ಜಿ ಕಂಡಳು. ಈ ಸಲ ಅವಳು ಹೋಗಲಿಲ್ಲ.

“ಹೂಂ, ನಾನೇ ಕಟ್ದೆ. ಹೋಗೋದಾದ್ರೆ ಅವ್ರುದ್ ಹೋಗ್ಲಿ, ಅವ್ರಿಗ್ ಬೇಕಾದಷ್ಟೈತೆ” ಅಂದಳು, ಈರಭದ್ರಪ್ಪನವರ ಎದುರಿಗೇ. ಅವರು ಗೊಣಗುತ್ತಾ ರಿಬ್ಬನ್ ಬಿಚ್ಚತೊಡಗಿದರು.

ರಸ್ತೆ ಅಗಲ ಮಾಡುವ ಮುಂಚೆ ಹೀಗೇ ಇಬ್ಬರು ಬಂದು, ಅವಳ ಹೊಲದ ಬೇವಿನ ಮರಕ್ಕೆ ಕೆಂಪು ಬಟ್ಟೆ ಕಟ್ಟಿ, ಫೋಟೋ ಹೊಡೆದುಕೊಂಡು ಹೋದರಂತೆ. ಪಾಪ, ಬಿಸಿಲಲ್ಲಿ ಬಂದಿದ್ದಾರೆ ಅಂತ ಇವಳೇ ಮಜ್ಜಿಗೆ ಕೊಟ್ಟಳಂತೆ. ವರ್ಷ ತುಂಬುವುದರೊಳಗೆ ಹೊಲ ರಸ್ತೆಯಾಯಿತು. ಈಗ ಉಳಿದಿರುವುದು ಹನ್ನೊಂದು ಮೇಕೆ, ಅವಕ್ಕೆ ಈ ಗೋಮಾಳ.

“ಆ ಮಜ್ಗೆ ನೆನುಸ್ಕಂಡ್ರೆ ಈಗ್ಲೂ ಹೊಟ್ಟೆ ಉರೀತದೆ” ಅಂದಳು.

ಹೆಗಲ ಚೀಲ ಅಲ್ಲಾಡಿತು. ಒಳಗಿಂದ ಆಗಷ್ಟೇ ಹುಟ್ಟಿದ ಮೇಕೆಮರಿಯೊಂದು ತಲೆ ಹಾಕಿತು. ನನಗೆ ನಾಚಿಕೆಯಾಯಿತು.

ಹಕ್ಕಿಗಾಗಿ ಬಂದೆ ಅಂದರೆ ನಂಬಲಿಲ್ಲ. “ಒಂದ್ ಹಕ್ಕಿಗೆ ಇಷ್ಟ್ ದೂರ ಪೆಟ್ರೋಲ್ ಸುಟ್ಕಂಡ್ ಬತ್ತಾರಾ? ಯಾರ್ಗ್ ಹೇಳ್ತೀರಿ?” ಹಕ್ಕಿ ಹೇಗಿದೆ ಅಂತ ಹೇಳತೊಡಗಿದೆ. ಕರೀ ಟೋಪಿ ಅನ್ನುವಷ್ಟರಲ್ಲಿ ತಡೆದಳು.

“ಬಿಳೀ ಕಣ್ಣಿಂದಾ? ನೀವ್ ಹಂಗ್ ನಿಂತ್ಕಂಡ್ರೆ ಬರಲ್ಲ. ಮೇಕೆ ಸೊಪ್ಪು ಎಳುದ್ರೆ ಹುಳ ಏಳ್ತವೆ, ಆಗ್ ಬತ್ತದೆ. ಕೂತ್ಕಳಿ.”

ದೋಟಿಯ ಕೊಕ್ಕೆ ಹಾಕಿ ಕೊಂಬೆ ಬಗ್ಗಿಸಿದಳು. ಮೇಕೆಗಳು ಮುತ್ತಿದವು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಹಕ್ಕಿ ಹೊರಗಿನ ರೆಂಬೆಗೆ ಬಂದು ಕೂತಿತು. ಐದು ಫೋಟೋ ಸಿಕ್ಕಿದವು. ಕ್ಯಾಮೆರಾದಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದಳು.

“ಅಳ್ಸಾಕ್ಬಿಡಿ.”

“ಯಾಕಜ್ಜಿ?”

“ಇದ್ನ ನೋಡಿ ಜನ ಬತ್ತಾರೆ. ಆಮೇಲ್ ಯಾರೋ ಬಂದು, ಹಕ್ಕಿ ಐತೆ ಅಂತ ಬೇಲಿ ಹಾಕ್ತಾರೆ. ನನ್ ಮೇಕೆ ಎಲ್ಗ್ ಹೋಗ್ಬೇಕು?”

ಹಾಗೆಲ್ಲ ಆಗುವುದಿಲ್ಲ ಅನ್ನಲು ಹೋದೆ. ನನಗೇ ನಂಬಿಕೆ ಬರಲಿಲ್ಲ. ಅಳಿಸಲು ಮನಸ್ಸಾಗಲಿಲ್ಲ, ಜಾಗ ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಅವಳ ಮುಖ ನೋಡಿದರೆ ಆ ಮಾತಿಗೆ ಮೂರು ಕಾಸಿನ ಬೆಲೆಯೂ ಇರಲಿಲ್ಲ.

ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಎಲ್ಲಿ, ಎಲ್ಲಿ ಅಂತ ಶುರುವಾಯಿತು. ಹೇಳುವುದಿಲ್ಲ ಅಂದೆ. ಸಂಜೆಯೊಳಗೆ ಒಬ್ಬ ಬರೆದ, ಇದು ಎಲ್ಲಿಂದಲೋ ಕದ್ದ ಫೋಟೋ ಅಂತ. ಹೌದೆಂದವರೇ ಹೆಚ್ಚು. ಮೂರು ಚಳಿಗಾಲದ ದುಡಿಮೆಗೆ ಸಿಕ್ಕ ಬಹುಮಾನ! ಊರ ಹೆಸರನ್ನು ಎರಡು ಸಲ ಟೈಪ್ ಮಾಡಿ ಎರಡು ಸಲವೂ ಅಳಿಸಿದೆ.

ಮುಂದಿನ ಭಾನುವಾರ ಗೋಮಾಳಕ್ಕೆ ಹೋದೆ. ಹಕ್ಕಿ ನೋಡಲು ಯಾರಾದರೂ ಬಂದಿದ್ದರೇ ಅಂತ ನಾನು ಕೇಳುವ ಮುಂಚೆ ಅವಳೇ ಕೇಳಿದಳು.

“ಯಾರ್ಗಾದ್ರೂ ಹೇಳಿದ್ರಾ?”

“ಇಲ್ಲ ಅಜ್ಜಿ. ಹೇಳ್ಲಿಲ್ಲ ಅಂತ ನನ್ನನ್ನೇ ಕಳ್ಳ ಅಂದ್ರು.”

ನನ್ನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ದೋಟಿಯಿಂದ ಒಂದು ಜಾಲಿ ಮರ ತೋರಿಸಿದಳು. ಅದಕ್ಕೆ ನನ್ನದೇ ಒಂದು ರಿಬ್ಬನ್ ಕಟ್ಟಿತ್ತು.

“ಈ ವಾರ ಅಲ್ಲಿ ಕೂತ್ಕಂತದೆ” ಅಂದು ಚೀಲದಿಂದ ಚೊಂಬು ತೆಗೆದಳು. “ಮಜ್ಗೆ ತಂದೀನಿ. ಮೊದ್ಲು ಕುಡೀರಿ.”